ಎಲ್ಲ ಕೀಬೋರ್ಡೂ ಒಂದೇ ಎಂದವನು

ಅಥವಾ ಅರ್ಜಿ ಟೈಪು ಮಾಡುವ ಆ ಹೆಂಗಸು ಹಾಗೆ ಕೇಳಲೇ ಇಲ್ಲವೇನೋ. ‘ಇದು ನನ್ ಕೈಗೆ ಹೊಂದ್ತದಾ ಸರ್?’ ಎಂಬ ಮಾತು ಅವರ ಧ್ವನಿಯಲ್ಲೇ ಕಿವಿಯಲ್ಲಿ ಉಳಿದಿದೆ ಎಂದುಕೊಂಡಿದ್ದೇನೆ. ಆದರೆ ಆಮೇಲೆ ತಪ್ಪು ಅರಿವಾದಾಗ ನಾನೇ ಅದನ್ನು ಹಿಂದಕ್ಕೆ ಒಯ್ದು ಅವರ ಬಾಯಲ್ಲಿ ಇಟ್ಟಿರಬಹುದು. ನನ್ನ ಉತ್ತರ ಮಾತ್ರ ಸರಿಯಾಗಿ ನೆನಪಿದೆ. ‘ಎಲ್ಲಾ ಕೀಬೋರ್ಡೂ ಒಂದೇ ರೀ.’ ಪ್ರಶ್ನೆಯಿಲ್ಲದೆ ಯಾರಾದರೂ ಹೀಗೆ ಉತ್ತರ ಕೊಡುತ್ತಾರೆಯೇ? ನಾನು ಕೊಡುತ್ತಿದ್ದೆ. ಆಗ ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು.

ಜಾಗ ಹೊನ್ನಾಳಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾನುವಾರ. ಹೊರಗೆ ಮಳೆ ಬರುತ್ತಿತ್ತು ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮಳೆ ನೆನಪಿಲ್ಲ, ದೃಶ್ಯಕ್ಕೆ ಒಪ್ಪುತ್ತದೆಂದು ತಂದದ್ದು. ಇದ್ದವರು ನಾವು ಮೂವರು. ಅಂಗಡಿಯವರು ವಿಂಡೋಸ್ ಪಕ್ಷ. ಜಗಳೂರು ಕಡೆಯಿಂದ ವರ್ಗವಾಗಿ ಬಂದಿದ್ದ ಹೈಸ್ಕೂಲ್ ಮೇಷ್ಟ್ರು ಲಿನಕ್ಸ್ ಪಕ್ಷ. ಚನ್ನಗಿರಿಯ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದು, ವರ್ಷಕ್ಕೊಮ್ಮೆ ಕಾಲೇಜಿನ ಸಂಚಿಕೆಗೆ ಪುಟ ಕಟ್ಟುತ್ತಿದ್ದ ನಾನು ಮ್ಯಾಕ್ ಪಕ್ಷ. ಕೊಟ್ಟ ದುಡ್ಡಿಗೆ ಯಾವ ಕಂಪ್ಯೂಟರ್ ಸರಿಯಾಗಿ ದುಡಿಯುತ್ತದೆ, ಯಾವುದನ್ನು ಕೊಂಡವರು ನೆಮ್ಮದಿಯಾಗಿರುತ್ತಾರೆ ಎಂಬುದೇ ವಾದ. ಅದು ವರ್ಷಗಟ್ಟಲೆ ನಡೆಯಿತು. ಈಗ ನೆನೆದರೆ ಆಯಾಸವಾಗುತ್ತದೆ.

‘ನಿಮ್ ಮ್ಯಾಕು ಕೆಟ್ರೆ ಈ ಸೀಮೇಲಿ ಯಾರ್ ರೀ ಬಿಚ್ಚಿ ನೋಡ್ತಾರೆ?’ ಎನ್ನುತ್ತಿದ್ದರು ಅಂಗಡಿಯವರು.

‘ಕೆಡೋದೇ ಇಲ್ಲ ಅಂತಿದೀನಲ್ರಿ.’

‘ಕೆಡದೇ ಇರೋದು ನಮ್ಮನೆ ರುಬ್ಬೋ ಕಲ್ಲು ಒಂದೇ ಕಣ್ರೀ. ಅದ್ರಾಗೂ ಕನ್ನಡ ಬರಲ್ಲ.’

ಮೇಷ್ಟ್ರು ನಡುವೆ ಬಾಯಿ ಹಾಕುತ್ತಿದ್ದರು. ‘ಪುಕ್ಕಟೆ ಸಿಗೋದು ಬಿಟ್ಟು ಇಬ್ರೂ ಯಾಕೆ ಬಡಿದಾಡ್ತೀರಿ?’

‘ಪುಕ್ಕಟೆ ಅಂತೀರಿ ಮೇಷ್ಟ್ರೇ, ವಾರಕ್ಕೆರಡು ಸಲ ಅದನ್ನ ಎತ್ಕೊಂಡು ನನ್ ಅಂಗ್ಡಿಗೇ ಬಂದು ಕುಂತಿರ್ತೀರಲ್ಲ!’

ಆ ಭಾನುವಾರ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿದ್ದರು. ನ್ಯಾಮತಿಯ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಟೈಪು ಮಾಡಿಕೊಡುತ್ತಿದ್ದ ಹೆಂಗಸು, ಗೋವಿನಕೋವಿಯಿಂದ ದಿನಾ ಬಸ್ಸಿಗೆ ಬರುವವರು. ಅವರ ಹಳೇ ಕಂಪ್ಯೂಟರಿನ ಬೋರ್ಡು ಸುಟ್ಟುಹೋಗಿತ್ತು. ‘ಇದು ಮುಗೀತಕ್ಕಾ’ ಎಂದರು ಅಂಗಡಿಯವರು. ‘ಹಂಗಾರೆ ಯಾವ್ದು ತಗೊಳ್ಳೋದಣ್ಣಾ?’ ಎಂದು ಅವರು ಕೇಳಿದರು. ಇಷ್ಟು ಕೇಳಿದ್ದು ಖಂಡಿತ. ಮುಂದಿನ ಒಂದು ಗಂಟೆ ನಾವು ಮೂವರೂ ಮಾತಾಡಿದೆವು, ಅವರು ಕೂತು ಕೇಳಿದರು. ಕೊನೆಗೆ ನನ್ನ ಬಳಿ ಸುಮ್ಮನೆ ಬಿದ್ದಿದ್ದ ಒಂದು ಹಳೆಯ ಮ್ಯಾಕ್ ಲ್ಯಾಪ್‌ಟಾಪ್ ಕೊಡುತ್ತೇನೆಂದೆ. ಉದಾರತನವಲ್ಲ. ವಾದ ಗೆಲ್ಲಲು ನನಗೊಬ್ಬ ಗಿರಾಕಿ ಬೇಕಿತ್ತು.

ಒಂದೂವರೆ ತಿಂಗಳ ಮೇಲೆ ನ್ಯಾಮತಿಗೆ ಹೋಗಿ ಕೇಳಿದೆ. ‘ಹೆಂಗೈತ್ರಿ ಮಿಷನ್ನು?’

‘ಚೆನ್ನಾಗೈತೆ ಸರ್’ ಎಂದರು.

ಆ ಎರಡು ಪದ ಹೊತ್ತುಕೊಂಡು ಹೊನ್ನಾಳಿಗೆ ಓಡಿದೆ. ‘ಬಳಸಿದೋರೇ ಹೇಳ್ತಿದಾರೆ, ಇನ್ನೇನ್ ಬೇಕ್ರಿ?’ ಎಂದೆ. ಅಂಗಡಿಯವರು ನಕ್ಕರು. ‘ಕೊಟ್ಟೋನೇ ಎದ್ರಿಗೆ ನಿಂತು ಕೇಳಿದ್ರೆ ಯಾರ್ ರೀ ಚೆನ್ನಾಗಿಲ್ಲ ಅಂತಾರೆ? ಮದ್ವೆ ಮನೇಲಿ ಊಟ ಹೆಂಗಿತ್ತು ಅಂತ ಕೇಳ್ದಂಗಾತು.’ ಸೋತವರ ಮಾತು ಎಂದುಕೊಂಡೆ. ನಮ್ಮ ಕಡೆ ಒಬ್ಬರು ಕೊಟ್ಟ ವಸ್ತುವನ್ನು ಅವರೆದುರು ಹಳಿಯುವುದಿಲ್ಲ. ನಾನೂ ಇಲ್ಲಿಯವನೇ, ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲಾರೆ.

ಆಮೇಲೊಂದು ದಿನ ನ್ಯಾಮತಿ ಕಚೇರಿಯ ಮುಂದೆ ಹೋಗುವಾಗ ಅವರ ಮೇಜಿನ ಹಿಂದೆ ನಿಂತುಬಿಟ್ಟೆ. ಅವರು ನೋಡಿರಲಿಲ್ಲ. ಎದುರಿಗೆ ಪಹಣಿ ತಿದ್ದುಪಡಿಯ ಅರ್ಜಿ ಬರೆಸಲು ಬಂದ ರೈತರೊಬ್ಬರು. ಆ ಹೆಂಗಸಿನ ಬೆರಳುಗಳು ಕೀಲಿಗಳ ಮೇಲೆ ಓಡಿದವು, ತಪ್ಪಿದವು, ಅಳಿಸಿದವು, ನಿಂತವು. ತಲೆ ಬಗ್ಗಿಸಿ ಒಂದೊಂದೇ ಅಕ್ಷರ ಹುಡುಕಿದರು. ರೈತರಿಗೆ ಅವರು ಕಾರಣ ಹೇಳಿದ್ದು ಕೇಳಿದಾಗ ತಿಳಿಯಿತು. ಅವರು ಹುಡುಗಿಯಾಗಿದ್ದಾಗ ಕನ್ನಡ ಟೈಪಿಂಗ್ ಕಲಿತದ್ದು ಕಬ್ಬಿಣದ ಟೈಪ್‌ರೈಟರಿನ ಮೇಲೆ, ಕಣ್ಣು ಕೆಳಗಿಳಿಸದೆ. ಅವರ ಹಳೇ ಕಂಪ್ಯೂಟರಿನಲ್ಲಿ ಅಕ್ಷರಗಳು ಆ ಟೈಪ್‌ರೈಟರಿನ ಜಾಗಗಳಲ್ಲೇ ಇದ್ದವು. ನಾನು ಕೊಟ್ಟಿದ್ದರಲ್ಲಿ ಬೇರೆ ಕಡೆ ಇದ್ದವು. ಅದಕ್ಕೂ ಹಳೇ ಜೋಡಣೆ ಹಾಕುವ ದಾರಿ ಇತ್ತೋ ಏನೋ, ನಾನು ಹುಡುಕಿರಲಿಲ್ಲ. ಒಂದು ತಾಸು ಮೂವರು ಗಂಡಸರು ವೇಗ, ಬಾಳಿಕೆ, ವೈರಸ್ಸು ಎಂದೆಲ್ಲ ಮಾತಾಡಿದ್ದೆವು. ಅವರ ಕೈಯನ್ನು ಯಾರೂ ನೋಡಿರಲಿಲ್ಲ.

‘ಬೇಗ ಆಗ್ಲಿ ತಾಯಿ, ಶಿರಸ್ತೇದಾರ್ರು ಊಟಕ್ಕೆ ಎದ್ರೆ ಇವತ್ತಿನ ಕೆಲ್ಸ ಹೋತು’ ಎಂದರು ರೈತರು. ಪಕ್ಕದ ಮೇಜಿನಲ್ಲಿ ಟಪಟಪ ಸದ್ದು ನಿಲ್ಲದೆ ನಡೆದಿತ್ತು. ಸ್ವಲ್ಪ ಹೊತ್ತಿಗೆ ರೈತರು ತಮ್ಮ ಕಾಗದ ಎತ್ತಿಕೊಂಡು, ‘ಬೇಜಾರ್ ಮಾಡ್ಕಬ್ಯಾಡ’ ಎಂದು ಪಕ್ಕದ ಮೇಜಿಗೆ ಹೋದರು.

ಆ ಹೆಂಗಸು ತಿರುಗಿ ನನ್ನನ್ನು ನೋಡಿದರು. ‘ರೂಢಿ ಆಗ್ತದೆ ಬಿಡಿ ಸರ್’ ಎಂದರು. ಸಮಾಧಾನ ಹೇಳಿದ್ದು ಅವರು ನನಗೆ. ನಕ್ಕರೇ? ಕೆಲವು ಸಲ ನೆನಪಿನಲ್ಲಿ ನಗುತ್ತಾರೆ, ಕೆಲವು ಸಲ ಇಲ್ಲ. ನಾನು ಬೇರೆ ಮಿಷನ್ ನೋಡೋಣ ಎನ್ನಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ. ಹೊನ್ನಾಳಿಯಲ್ಲಿ ಈ ವಿಷಯ ಎತ್ತಲೇ ಇಲ್ಲ. ಅಲ್ಲಿ ನಾನು ಗೆದ್ದವನಾಗಿಯೇ ಉಳಿದೆ.

ಮತ್ತೆ ನ್ಯಾಮತಿಗೆ ಹೋದಾಗ ಆ ಮೇಜು ಇರಲಿಲ್ಲ. ಪಕ್ಕದವರನ್ನು ಕೇಳಿದೆ. ‘ಆಯಮ್ಮ ಬರಾಕೆ ನಿಲ್ಸಿ ಭಾಳ ದಿನ ಆತ್ರಿ. ಮಗಳ ಬಾಣಂತನ ಅಂತ ಉಬ್ರಾಣಿಗೆ ಹೋದ್ರು ಅಂತಾರೆ, ಕೆಲ್ಸ ಹತ್ತಲಿಲ್ಲ ಅಂತಾನೂ ಅಂತಾರೆ. ನಂಗೇನ್ ಗೊತ್ತು?’

ಮ್ಯಾಕ್ ಹೊನ್ನಾಳಿಯ ಅಂಗಡಿಗೆ ವಾಪಸು ಬಂದಿತ್ತು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಚಾರ್ಜರಿನ ವೈರಿಗೆ ರಬ್ಬರ್ ಬ್ಯಾಂಡ್ ಹಾಕಿ, ‘ಸರ್‌ಗೆ ಕೊಡ್ರಿ’ ಎಂದಷ್ಟೇ ಹೇಳಿ ಹೋಗಿದ್ದರಂತೆ. ಅಂಗಡಿಯವರು ಈ ಸಲ ತಮಾಷೆ ಮಾಡಲಿಲ್ಲ. ತೆರೆದೆ. ಒಂದೊಂದು ಕೀಲಿಯ ಮೇಲೂ ಕಾಗದದ ಸಣ್ಣ ಚೂರು, ಅದರ ಮೇಲೆ ನೀಲಿ ಪೆನ್ನಿನಲ್ಲಿ ಕನ್ನಡದ ಒಂದು ಅಕ್ಷರ, ಮೇಲೆ ಟೇಪು. ಕೆಲವು ಚೂರುಗಳು ಇರಲಿಲ್ಲ. ಅಂಟಿನ ಗುರುತು ಮಾತ್ರ ಇತ್ತು.

ಅವು ಬೆರಳು ಆಡಿ ಆಡಿ ಸವೆದು ಹೋದವೋ, ಬೇಸತ್ತು ಅವರೇ ಕಿತ್ತರೋ ಗೊತ್ತಿಲ್ಲ. ಮೊದಲನೆಯದಾದರೆ ಕೈ ಹೊಂದಿತ್ತು, ಅವರು ಹೋದದ್ದು ಮಗಳಿಗಾಗಿ. ಎರಡನೆಯದಾದರೆ ಅವರ ಮೇಜನ್ನು ತೆಗೆಸಿದ್ದು ನಾನು. ಅವರೂರು ಗೋವಿನಕೋವಿಯಾಗಲಿ, ಉಬ್ರಾಣಿಯಾಗಲಿ ದೂರವೇನಲ್ಲ, ಹೋಗಿ ಕೇಳಬಹುದು. ಕೇಳಿದರೆ ‘ಚೆನ್ನಾಗಿತ್ತು ಸರ್’ ಎಂದೇ ಹೇಳುತ್ತಾರೆ. ಅದಕ್ಕೇ ಹೋಗಿಲ್ಲವೋ, ಬೇರೆ ಏನಾದರೂ ಹೇಳಿಬಿಟ್ಟಾರು ಎಂದು ಹೋಗಿಲ್ಲವೋ, ಅದೂ ನನಗೆ ಗೊತ್ತಿಲ್ಲ.