ಮೂವತ್ತೊಂಬತ್ತು ಮತಗಳ ಬಸ್ಸು

ನನ್ನ ತಂಗಿಯ ಗಂಡ ಮರ್ಲ್ ಹಾಸ್ಕಿನ್ಸ್ ಚರ್ಚಿಗೆ ತಡವಾಗಿ ಬಂದದ್ದುಂಟು, ತನ್ನ ಮದುವೆಗೇ ಇಪ್ಪತ್ತು ನಿಮಿಷ ತಡವಾಗಿ ಬಂದದ್ದುಂಟು. ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಮಾತ್ರ ಜನ್ಮದಲ್ಲಿ ತಡಮಾಡಿದವನಲ್ಲ. ಶುಕ್ರವಾರ ಸಂಜೆ ಶಾಲೆಯ ಒಳಾಂಗಣ ಕ್ರೀಡಾಂಗಣದ ಬೀಗ ತೆಗೆಯುವ ಹೊತ್ತಿಗೆ ಬಾಗಿಲ ಮುಂದೆ ಮೊದಲು ನಿಂತಿರುತ್ತಿದ್ದವನು ಅವನೇ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬೇಡಿ. ನಾನೂ ಅವನೂ ಒಂದೇ ತರಗತಿಯಲ್ಲಿ ಓದಿದವರು, ಅವನನ್ನು ಹೊಗಳುವ ದುರಭ್ಯಾಸ ನನಗೆ ಯಾವತ್ತೂ ಇರಲಿಲ್ಲ.

ನಮ್ಮ ಊರು ಕಾಲ್ಬಿ ಫೋರ್ಕ್. ಇಲಿನಾಯ್‌ನ ಮೆಕ್ಕೆಜೋಳದ ಸೀಮೆಯಲ್ಲಿ ಒಂಬೈನೂರು ಜನರ ಊರು. ಶಾಲೆಯ ಒಳಾಂಗಣದಲ್ಲಿ ಕೂರಲು ಸಾವಿರದ ಇನ್ನೂರು ಜನಕ್ಕೆ ಜಾಗ. ಕಟ್ಟಿಸಿದವರಿಗೆ ತಲೆ ಕೆಟ್ಟಿತ್ತೇ ಎಂದು ಹೊರಗಿನವರು ಕೇಳುತ್ತಿದ್ದರು. ಚಳಿಗಾಲದ ಒಂದು ಶುಕ್ರವಾರ ಬಂದು ನೋಡಿದ್ದರೆ ಕೇಳುತ್ತಿರಲಿಲ್ಲ. ಹಾಲು ಕರೆದು ಕೈ ತೊಳೆದುಕೊಂಡು ಸುತ್ತಲಿನ ಹೊಲಗಳವರೆಲ್ಲ ಬಂದುಬಿಡುತ್ತಿದ್ದರು. ಇಡೀ ಪ್ರೌಢಶಾಲೆಯಲ್ಲಿ ನೂರ ಹನ್ನೆರಡು ಮಕ್ಕಳು, ಅದರಲ್ಲಿ ಹತ್ತು ಹುಡುಗರು ತಂಡದಲ್ಲಿ. ತಂಡದ ಹೆಸರು ಮಿಂಚುಳ್ಳಿಗಳು. ನಾನು ಆ ಶಾಲೆಯ ಅಡುಗೆಮನೆಯಲ್ಲಿ ಹದಿನಾರು ವರ್ಷ ಅಡುಗೆ ಮಾಡಿದವಳು. ಆ ಹತ್ತು ಹುಡುಗರಲ್ಲಿ ಯಾರಿಗೆ ಎರಡನೇ ಸಲ ಬಡಿಸಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು.

ಮರ್ಲ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಎದುರು ತಂಡದವರು ಕೂರುವ ಬೆಂಚಿನ ಹಿಂದಿನ ಮೊದಲ ಸಾಲು ಅವನದು. ಅಲ್ಲಿ ಬೇರೆ ಯಾರಾದರೂ ಕೂತರೆ ಅವನು ಜಗಳವಾಡುತ್ತಿರಲಿಲ್ಲ, ಏಳುವವರೆಗೂ ಸುಮ್ಮನೆ ಎದುರಿಗೆ ನಿಂತಿರುತ್ತಿದ್ದ. ಅವನ ಗಂಟಲು ಊರಿಗೇ ಹೆಸರುವಾಸಿ.

“ಏ ತೀರ್ಪುಗಾರಪ್ಪಾ, ಕಣ್ಣು ಮನೇಲೇ ಬಿಟ್ಟು ಬಂದ್ಯಾ? ಹೆಂಡ್ತಿಗೆ ಫೋನ್ ಮಾಡಿ ತರಿಸ್ಲಾ?”

ಎದುರು ತಂಡದ ಹುಡುಗ ಚೆಂಡು ಹಿಡಿದು ಬುಟ್ಟಿಗೆ ಗುರಿಯಿಡುವಾಗ ದನಿ ಮೆತ್ತಗಾಗುತ್ತಿತ್ತು. “ಅಮ್ಮ ನೋಡ್ತಾವ್ಳೆ ಕಂದಾ, ಕೈ ನಡುಗೀತು, ಜೋಪಾನ!” ಪಕ್ಕದಲ್ಲಿ ಕೂತ ನನ್ನ ತಂಗಿ ಐಲೀನ್ ನಾಚಿಕೆಯಿಂದ ಸ್ವೆಟರ್ ಹೆಣಿಗೆಯಲ್ಲಿ ಮುಖ ಹುದುಗಿಸುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಆ ಹತ್ತು ಹುಡುಗರನ್ನು ಮರ್ಲ್ “ನಮ್ಮ ಹುಡುಗ್ರು” ಎನ್ನುವಾಗ ಅದು ಬರೀ ಮಾತಾಗಿರಲಿಲ್ಲ. ಅಷ್ಟನ್ನು ನಾನು ಒಪ್ಪುತ್ತೇನೆ.

ಚಳಿಗಾಲ ಬರುವವರೆಗೆ ಅವನಿಗೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ನಮ್ಮ ಕಡೆಯ ಕಾಲೇಜು ಫುಟ್‌ಬಾಲ್ ಬೇಕಿತ್ತು. ನಮ್ಮ ಭಾಗದ ದೊಡ್ಡ ಕಾಲೇಜಿನ ಕ್ರೀಡಾಂಗಣ ಎರಡು ಗಂಟೆಯ ದಾರಿ. ಪ್ರತಿ ಶರತ್ಕಾಲ ಆರು ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಭಿಮಾನಿ ಸಂಘದ ಬಸ್ಸು ಹೊರಡುತ್ತಿತ್ತು, ಮರ್ಲ್ ಚಾಲಕ. ಕರಿದ ಕೋಳಿ, ಫ್ಲಾಸ್ಕುಗಳಲ್ಲಿ ಕಾಫಿ, ಕಾಫಿಯ ಜೊತೆ ಕದ್ದು ಸೇರಿಸಿದ ವಿಸ್ಕಿ, ಹಾಡು. ಹಾಡುತ್ತ ಹೋಗಿ ಸೋತು ಬರುತ್ತಿದ್ದರು. ಆ ಕಾಲೇಜು ತಂಡದಷ್ಟು ನಂಬಿಕಸ್ಥ ಸೋಲುಗಾರರನ್ನು ನಾನು ಕಂಡಿಲ್ಲ. ಉತ್ತರದ ಒಂದು ಬಲಿಷ್ಠ ತಂಡದ ಕೈಯಲ್ಲಂತೂ ಹನ್ನೊಂದು ವರ್ಷ ಬಿಡದೆ ಒದೆ ತಿಂದಿದ್ದರು. ಆದರೂ ನಮ್ಮ ಊರಿನಲ್ಲಿ ಆ ಶನಿವಾರಗಳಲ್ಲಿ ಯಾರೂ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಇಟ್ಟುಕೊಂಡರೆ ಊಟಕ್ಕೆ ಹೆಂಗಸರಷ್ಟೇ ಬರುತ್ತಿದ್ದರು.

ಹಾಗಿರುವಾಗ ಶಾಲೆ ವಿಲೀನದ ಮಾತು ಬಂತು. ಚಿಕ್ಕ ಶಾಲೆಗಳನ್ನು ಮುಚ್ಚಿ ದೊಡ್ಡದಕ್ಕೆ ಸೇರಿಸುವ ಕಾಲ ಅದು. ನಮ್ಮ ಪ್ರೌಢಶಾಲೆಯನ್ನು ಹನ್ನೆರಡು ಮೈಲಿ ಆಚೆಯ ಡನ್‌ಬ್ರಿಜ್‌ಗೆ ಸೇರಿಸಬೇಕೇ ಬೇಡವೇ ಎಂದು ಊರವರೇ ಮತ ಹಾಕಬೇಕೆಂದಾಯಿತು. ಡನ್‌ಬ್ರಿಜ್! ಬ್ಯಾಸ್ಕೆಟ್‌ಬಾಲಿನಲ್ಲಿ ನಮ್ಮ ಹುಟ್ಟು ವೈರಿಗಳು. ಅಲ್ಲಿ ಹೊಸ ಪ್ರಯೋಗಾಲಯ ಇದೆ, ತೆರಿಗೆ ಇಳಿಯುತ್ತದೆ ಎಂದು ನಮ್ಮ ಶಾಲೆಗೇ ಸೇರಿದ, ಆ ದಿಕ್ಕಿನ ಹೊಲಗಳ ರೈತರು ಸೇರಲು ತಯಾರಿದ್ದರು. ಊರೊಳಗಿನವರು ಒಲ್ಲೆವು ಎಂದರು. ಎರಡೂ ಕಡೆ ಹೆಚ್ಚುಕಡಿಮೆ ಸರಿಸಮ.

ಒಲ್ಲೆವು ಎನ್ನುವವರ ಮುಂದಾಳು ಯಾರೆಂದು ಬೇರೆ ಹೇಳಬೇಕೇ? ಮರ್ಲ್ ಮನೆಮನೆಗೆ ಹೋದ. ಬೇಲಿಗಳಿಗೆ ಹಲಗೆ ಹೊಡೆದ. ಎಂಟು ವರ್ಷದಿಂದ ಮಾತು ಬಿಟ್ಟಿದ್ದ ತನ್ನ ಅಣ್ಣನ ಮನೆ ಬಾಗಿಲನ್ನೂ ತಟ್ಟಿದ. “ಶಾಲೆ ಹೋದ್ರೆ ತಂಡ ಹೋಯ್ತು, ತಂಡ ಹೋದ್ರೆ ಈ ಊರಲ್ಲಿ ಸಂಜೆ ಹೊತ್ತು ದೀಪ ಹಚ್ಚೋಕೆ ಏನಿರುತ್ತೆ?” ಎಂದು ಕೇಳುತ್ತಿದ್ದ. ಆ ಒಂದು ತಿಂಗಳು ಅವನ ಮೇಲೆ ನನಗೆ ನಿಜವಾಗಿ ಗೌರವ ಹುಟ್ಟಿತ್ತು.

ಮತದಾನ ಅಕ್ಟೋಬರಿನ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡರಿಂದ ಸಂಜೆ ಏಳರವರೆಗೆ, ನಮ್ಮ ಒಳಾಂಗಣದಲ್ಲೇ. ಅದೇ ಶನಿವಾರ ಉತ್ತರದ ಆ ತಂಡ ನಮ್ಮ ಕಾಲೇಜಿಗೆ ಆಡಲು ಬರುವುದಿತ್ತು. ದಿನಾಂಕ ನೋಡಿದ ಕೂಡಲೇ ನಾನು ಐಲೀನಳ ಮನೆಗೆ ಹೋದೆ. ಮರ್ಲ್ ಊಟದ ಮೇಜಿನ ಮುಂದೆ ಕೂತಿದ್ದ.

“ಈ ಸಲ ಬಸ್ಸು ಬಿಡಬೇಡ ಕಣೋ,” ಎಂದೆ.

“ಟಿಕೆಟ್ ಎಲ್ಲಾ ಬೇಸಿಗೇಲೇ ತಗೊಂಡಾಗಿದೆ.”

“ಹಂಗಾದ್ರೆ ಗೈರುಹಾಜರಿ ಮತ ಅಂತಿದೆಯಲ್ಲ. ಒಂದಿನ ಮೊದ್ಲೇ ಕಚೇರಿಗೆ ಹೋಗಿ ಎಲ್ರೂ ಹಾಕ್ಬಿಟ್ಟು ಬನ್ನಿ.”

“ಅದು ಕಾಲಿಲ್ದೋರಿಗೆ, ಕಾಯಿಲೆಯೋರಿಗೆ. ನಾನೇನು ಹಾಸ್ಗೆ ಹಿಡಿದಿದೀನಾ?” ಅವನು ಬೆರಳು ಮಡಚಿ ಲೆಕ್ಕ ಹೇಳಿದ. “ಒಂದೂವರೆಗೆ ಆಟ ಶುರು. ನಾಕಕ್ಕೆ ಮುಗೀತು. ಆರಕ್ಕೆಲ್ಲಾ ಇಲ್ಲಿರ್ತೀವಿ. ಬಸ್ಸಿಂದ ಸಾಲಾಗಿ ಇಳಿದು, ಎಲ್ರೂ ಒಟ್ಟಿಗೆ ಒಳಗ್ ಬರ್ತೀವಿ. ಆ ಡನ್‌ಬ್ರಿಜ್ ಕಡೆಯೋರು ಬಾಯಿ ಬಿಟ್ಕೊಂಡು ನೋಡ್ಬೇಕು, ನೋಡ್ತಿರು.”

“ಓಟು ಹಾಕೋದನ್ನೂ ಮೆರವಣಿಗೆ ಮಾಡ್ಬೇಕಾ ನೀನು?”

“ಹೂಂ ಕಣೇ, ಮಾಡ್ಬೇಕು,” ಎಂದು ನಕ್ಕ. ಐಲೀನ್ ಏನೂ ಹೇಳಲಿಲ್ಲ. ಅವಳು ಹೇಳಿದ್ದರೆ ಕೇಳುತ್ತಿದ್ದನೋ ಏನೋ, ಆ ಮಾತು ಅಕ್ಕತಂಗಿಯರಾದ ನಮ್ಮಿಬ್ಬರ ನಡುವೆ ಇವತ್ತಿಗೂ ಇತ್ಯರ್ಥವಾಗಿಲ್ಲ.

ಬಸ್ಸಿನಲ್ಲಿ ಮೂವತ್ತೆಂಟು ಜನ ಹೋದರು. ಮರ್ಲ್ ಸೇರಿ ಮೂವತ್ತೊಂಬತ್ತು. ಪ್ರತಿಯೊಂದೂ ಒಲ್ಲೆವು ಎನ್ನುವ ಮತ.

ಮತಗಟ್ಟೆಯಲ್ಲಿ ಹೆಸರು ಗುರುತು ಹಾಕುವ ಕೆಲಸ ನನ್ನದು. ಮೇಲ್ವಿಚಾರಣೆಗೆ ನಿವೃತ್ತ ಪೋಸ್ಟ್‌ಮಾಸ್ಟರ್ ಆಲ್ವಿನ್ ಪ್ರೂಯಿಟ್. ನೆಟ್ಟಗಿನ ಮನುಷ್ಯ, ಮೂವತ್ತು ವರ್ಷ ಅಂಚೆಯನ್ನು ಒಂದು ನಿಮಿಷ ಹಿಂದೆಮುಂದೆ ಮಾಡದವನು. ಹಿಂದಿನ ಅಡುಗೆಮನೆಯಲ್ಲಿ ರೇಡಿಯೋದಲ್ಲಿ ಕಾಲೇಜಿನ ಆಟದ ವಿವರಣೆ ಬರುತ್ತಿತ್ತು, ಯಾರೂ ಬೇಡವೆನ್ನಲಿಲ್ಲ. ಮಧ್ಯಾಹ್ನವೆಲ್ಲ ಆ ಕಡೆಯ ರೈತರು ಹೆಂಡತಿಯರೊಂದಿಗೆ ಬಂದು ಮತ ಹಾಕಿ ಹೋದರು. ನಾಲ್ಕಕ್ಕೆ ಇನ್ನೇನು ಕೆಲವು ನಿಮಿಷ ಇದೆ ಎನ್ನುವಾಗ ರೇಡಿಯೋದವನು ಕಿರುಚಲು ಶುರು ಮಾಡಿದ. ನಮ್ಮ ಕಾಲೇಜು ಗೆದ್ದಿತ್ತು. ಹನ್ನೊಂದು ವರ್ಷದ ಮೇಲೆ, ಒಂದೇ ಒಂದು ಅಂಕದಿಂದ.

ನಾನೂ ಎದ್ದು ಚಪ್ಪಾಳೆ ಹೊಡೆದೆ. ಸುಳ್ಳು ಯಾಕೆ ಹೇಳಲಿ, ನನಗೂ ಕಣ್ಣು ತುಂಬಿತ್ತು. ಪ್ರೂಯಿಟ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ರೇಡಿಯೋದವನು ಹೇಳಿದ, ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದ್ದಾರೆ, ಗೋಲ್ ಕಂಬ ಅಲ್ಲಾಡುತ್ತಿದೆ, ಇಗೋ ಬಿತ್ತು. ದೊಡ್ಡ ಗೆಲುವಾದರೆ ಕಂಬ ಕಿತ್ತು ಹೆಗಲ ಮೇಲೆ ಹೊತ್ತು ಬೀದಿ ಸುತ್ತುವುದು ಅಲ್ಲಿಯ ಪದ್ಧತಿ. ಗಡಿಯಾರ ನೋಡಿದೆ. ನಾಲ್ಕು ಹತ್ತು.

ಆರಾಯಿತು. ಬಸ್ಸಿಲ್ಲ. ಆರೂಕಾಲಿಗೆ ಐಲೀನ್ ಬಂದು ತನ್ನ ಮತ ಹಾಕಿ ಬಾಗಿಲ ಬಳಿಯೇ ನಿಂತಳು. ಆರೂವರೆಯ ಮೇಲೆ ಅವಳು ರಸ್ತೆಗೆ ಇಳಿದು ನೋಡಿ ಬರುವುದು, ಮತ್ತೆ ಇಳಿಯುವುದು. ಏಳಕ್ಕೆ ಐದು ನಿಮಿಷ ಇದ್ದಾಗ ನಾನು ಮಾನ ಬಿಟ್ಟು ಕೇಳಿದೆ.

“ಪೋಸ್ಟ್‌ಮಾಸ್ಟ್ರೇ, ದಾರೀಲಿದಾರೆ. ಒಂದರ್ಧ ಗಂಟೆ...”

“ನೋರೀನ್, ಅವ್ರು ಮೂವತ್ತೊಂಬತ್ತು ಜನ ಯಾವ್ ಕಡೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಾನು ಬಾಗ್ಲು ತೆರೆದಿಟ್ರೆ ಆ ಕಡೆಯೋರಿಗೆ ಯಾವ ಮುಖ ತೋರಿಸ್ಲಿ?”

ಏಳು ಹೊಡೆಯಿತು. ಪ್ರೂಯಿಟ್ ಎದ್ದು ಹೋಗಿ ಬಾಗಿಲು ಹಾಕಿದ. ಅವನೂ ಒಲ್ಲೆವು ಎಂದೇ ಮತ ಹಾಕಿದ್ದನೆಂದು ವರ್ಷಗಳ ಮೇಲೆ ಗೊತ್ತಾಯಿತು.

ಏಳು ಇಪ್ಪತ್ತಕ್ಕೆ ಹಾರನ್ ಕೇಳಿಸಿತು, ಅದರ ಹಿಂದೆಯೇ ಹಾಡು. ಮತಪತ್ರಗಳನ್ನು ಮೇಜಿನ ಮೇಲೆ ಸುರಿದುಕೊಂಡಿದ್ದೆವು. ಬಾಗಿಲು ಬಡಿದ ಸದ್ದಿಗೆ ನಾನೇ ಹೋಗಿ ತೆರೆದೆ. ಮರ್ಲ್ ನಿಂತಿದ್ದ, ಮೊಣಕಾಲವರೆಗೂ ಕೆಸರು, ಕೋಟಿನ ಒಂದು ತೋಳು ಹರಿದಿತ್ತು, ಮುಖದ ತುಂಬ ನಗು.

“ಗೆದ್ವಿ ಕಣೇ ನೋರೀನ್! ಗೆದ್ವಿ!”

ಅವನು ನನ್ನ ಭುಜದ ಮೇಲಿಂದ ಗಡಿಯಾರ ನೋಡಿದ. ನಗು ಒಂದೇ ಸಲ ಹೋಗಲಿಲ್ಲ, ಸ್ವಲ್ಪ ಹೊತ್ತು ಬಾಯಲ್ಲೇ ಉಳಿದಿತ್ತು.

“ರಸ್ತೇಲಿ ಕಾರೋ ಕಾರು,” ಎಂದ. “ಒಂದಿಂಚು ಅಲ್ಲಾಡ್ಲಿಲ್ಲ. ಪೋಸ್ಟ್‌ಮಾಸ್ಟ್ರೇ, ಹೇಳಿ ಇವ್ಳಿಗೆ. ನಾವಿಲ್ಲೇ ಇದೀವಲ್ಲ, ಎಲ್ರೂ ಇದೀವಿ!”

ಎಣಿಕೆ ಎಂಟಕ್ಕೆ ಮುಗಿಯಿತು. ಸೇರೋಣ ಎಂದವರು ಇನ್ನೂರ ಮೂವತ್ತೊಂದು. ಒಲ್ಲೆವು ಎಂದವರು ಇನ್ನೂರ ಹನ್ನೆರಡು. ಹೊರಗೆ ಮೂವತ್ತೊಂಬತ್ತು ಜನ ಬಸ್ಸಿನ ಸುತ್ತ ನಿಂತಿದ್ದರು. ಹಾಡು ನಿಂತಿತ್ತು.

ಸೋಮವಾರದ ಪತ್ರಿಕೆಯಲ್ಲಿ ಚಿತ್ರ ಬಂತು. ಕಾಲೇಜು ಪಟ್ಟಣದ ನಡುಬೀದಿಯಲ್ಲಿ ಜನ ಹೊತ್ತು ಸಾಗಿದ್ದ ಗೋಲ್ ಕಂಬ, ಅದರ ಅಡ್ಡಪಟ್ಟಿಯ ಮೇಲೆ ಕುದುರೆ ಏರಿದ ಹಾಗೆ ಕೂತು ಬಾಯಿ ತೆರೆದು ಕೂಗುತ್ತಿರುವ ಮರ್ಲ್ ಹಾಸ್ಕಿನ್ಸ್. ಹಿಂದಿನ ಬ್ಯಾಂಕಿನ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಬಾಕಿ. ಚಾಲಕನೇ ಕಂಬದ ಮೇಲಿದ್ದರೆ ಬಸ್ಸು ಹೇಗೆ ಹೊರಟೀತು? ಐಲೀನ್ ಆ ಚಿತ್ರವನ್ನು ನೀಟಾಗಿ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಅವನೂ ಅದನ್ನು ಕೀಳಲಿಲ್ಲ. ಆದರೂ ಯಾರು ಕೇಳಿದರೂ “ರಸ್ತೇಲಿ ಕಾರೋ ಕಾರು” ಎಂದೇ ಹೇಳುತ್ತಿದ್ದ, ಆ ಗೋಡೆಯ ಕೆಳಗೆ ಕೂತೇ.

ಮರುವರ್ಷ ಜೂನಿನಲ್ಲಿ ಶಾಲೆ ಮುಚ್ಚಿತು. ಮಿಂಚುಳ್ಳಿಗಳ ಕೊನೆಯ ಆಟಕ್ಕೆ ಸಾವಿರದ ಇನ್ನೂರು ಜಾಗವೂ ಸಾಲಲಿಲ್ಲ. ಮರ್ಲ್ ತನ್ನ ಸಾಲಿನಲ್ಲೇ ಕೂತಿದ್ದ. ಯಾರನ್ನೂ ಹಂಗಿಸಲಿಲ್ಲ. ಅವನ ಎರಡೂ ಪಕ್ಕದ ಜಾಗ ಖಾಲಿ ಉಳಿದಿತ್ತು, ಐಲೀನ್ ನನ್ನ ಜೊತೆ ಕೂತಿದ್ದಳು. ನಾನು ಡನ್‌ಬ್ರಿಜ್‌ನ ಅಡುಗೆಮನೆ ಸೇರಿದೆ. ಹದಿನಾರು ವರ್ಷ ಅಡುಗೆ ಮಾಡಿದವಳಿಗೆ ಅಲ್ಲಿ ತಟ್ಟೆ ತೊಳೆಯುವ ಕೆಲಸ ಕೊಟ್ಟರು. ಊರಿನ ಊಟದ ಹೋಟೆಲು ಎರಡು ವರ್ಷದಲ್ಲಿ ಬಾಗಿಲು ಹಾಕಿತು, ಅದರ ಹಿಂದೆ ಔಷಧಿ ಅಂಗಡಿ. ನಮ್ಮ ಮಕ್ಕಳನ್ನು ದಿನವೂ ಬೆಳಿಗ್ಗೆ ಡನ್‌ಬ್ರಿಜ್‌ಗೆ ಕರೆದೊಯ್ಯುವ ಕೆಲಸ ಮಾತ್ರ ಮರ್ಲ್‌ಗೇ ಸಿಕ್ಕಿತು. ಊರಲ್ಲಿ ಯಾರೂ ಅವನಿಗೆ ಬೈಯಲಿಲ್ಲ. ಮೂವತ್ತೆಂಟು ಮನೆಗಳಿಗೆ ಬೈಯುವ ಬಾಯಿರಲಿಲ್ಲ, ಉಳಿದವರು ಬೈಯದೆಯೇ ಮಾತು ಬಿಟ್ಟರು.

ನಾಲ್ಕನೇ ಚಳಿಗಾಲದಲ್ಲಿ ಡನ್‌ಬ್ರಿಜ್ ತಂಡ ಜಿಲ್ಲೆಯ ಕೊನೆಯ ಸುತ್ತಿಗೆ ಬಂತು. ಆಡುವ ಐವರಲ್ಲಿ ಮೂವರು ನಮ್ಮ ಊರಿನವರು, ಬಟ್ಟೆ ಮಾತ್ರ ಡನ್‌ಬ್ರಿಜ್‌ನ ಕೆಂಪು. ಅಭಿಮಾನಿಗಳನ್ನು ಕರೆತಂದ ಮರ್ಲ್ ಶಾಲೆ ಮುಚ್ಚಿದಂದಿನ ತನ್ನ ರೂಢಿಯಂತೆ ಒಳಗೆ ಬರದೆ ಹೊರಗೆ ಬಸ್ಸಿನಲ್ಲೇ ಕೂತು ರೇಡಿಯೋ ಹಾಕಿಕೊಂಡಿದ್ದ. ಡನ್‌ಬ್ರಿಜ್ ಶಾಲೆಯ ಒಳಾಂಗಣದ ಬಾಗಿಲಲ್ಲಿ ಕಾಫಿ ಮಾರುತ್ತಿದ್ದ ನಾನು ಅರ್ಧ ಆಟದ ಬಿಡುವಿನಲ್ಲಿ ಒಂದು ಲೋಟ ತೆಗೆದುಕೊಂಡು ಹೋದೆ. ಬಸ್ಸಿನ ಗಾಜು ಒಳಗಿನಿಂದ ಮಂಜುಗಟ್ಟಿತ್ತು.

“ಒಳಗ್ ಬಾರೋ. ನಮ್ಮ ಹುಡುಗ್ರೇ ಆಡ್ತಿರೋದು.”

“ಕೆಂಪು ಹಾಕ್ಕೊಂಡಿದಾರಲ್ಲ, ನೋಡಕ್ಕಾಗಲ್ಲ,” ಎಂದ. ಕಾಫಿ ತೆಗೆದುಕೊಂಡ. ವಯಸ್ಸಿಗೆ ಮೀರಿ ಮುದುಕನಾಗಿದ್ದ. ಅವತ್ತು ನನಗೆ ಅವನ ಮೇಲೆ ಕನಿಕರ ಬಂತು, ಅದು ನನ್ನ ತಪ್ಪು. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

“ಮರ್ಲ್, ಆ ಶನಿವಾರ ಇನ್ನೊಂದ್ಸಲ ಬಂದ್ರೆ? ಆಟ ಮುಗಿದ ಕೂಡ್ಲೇ ಬಸ್ ಹತ್ತಿ ಹೊರಟ್ಬಿಡ್ತಿದ್ದೆ ತಾನೆ?”

ಹೂಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅವನನ್ನು ಕ್ಷಮಿಸಿ ಒಳಗೆ ಹೋಗಲು ತಯಾರಾಗಿ ನಿಂತಿದ್ದೆ. ಐಲೀನಳಿಗೂ ಹೇಳುತ್ತಿದ್ದೆ. ಅವನು ಮಂಜುಗಟ್ಟಿದ ಗಾಜನ್ನು ತೋಳಿನಿಂದ ಒರೆಸಿದ.

“ನೀನು ಅಲ್ಲಿರ್ಲಿಲ್ಲ, ನೋರೀನ್,” ಎಂದ. “ಹನ್ನೊಂದು ವರ್ಷ. ಅಷ್ಟು ಜನ, ಗುರುತಿಲ್ದೋರೆಲ್ಲಾ ನನ್ನ ಎತ್ಕೊಂಡ್ರು. ಇನ್ನೊಂದ್ಸಲ ಬಂದ್ರೂ ಹತ್ತೋದು ಆ ಕಂಬಾನೇ ಕಣೇ. ಬಸ್ಸಲ್ಲ.”

ನಾಲ್ಕು ವರ್ಷ ಊರಿಗೆಲ್ಲ ಸುಳ್ಳು ಹೇಳಿಕೊಂಡು ಬಂದವನು, ನಾನು ಒಂದು ಸುಳ್ಳಿಗಾಗಿ ಕೈಚಾಚಿ ನಿಂತಾಗ ನಿಜ ಹೇಳಿದ. ನಾನು ಬಸ್ಸಿನಿಂದ ಇಳಿದು ಬಂದೆ. ಆ ಮಾತನ್ನು ನನ್ನ ತಂಗಿಗೆ ಇವತ್ತಿಗೂ ಹೇಳಿಲ್ಲ.