ಬ್ರೆಡ್ ಗಾಡಿಯ ಹಿಂದೆ ಓಡಿದವಳು

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಕೊಡವಬೇಕು. ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ನಾಲ್ಕು ವರ್ಷದಿಂದ ಅಕ್ಕನೂ ನಾನೂ ದಿನಕ್ಕೆ ಇನ್ನೂರು ಮುನ್ನೂರು ಸಲ ಹೀಗೆ ಮುಖಾಮುಖಿಯಾಗುತ್ತಿದ್ದೆವು. ಒಡಹುಟ್ಟಿದ ಅಕ್ಕನಲ್ಲ. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟುದ್ದ ಕಾಲಿಟ್ಕೊಂಡು ಬಸ್ಸಲ್ಲಿ ಬರ್ತೀಯಲ್ಲೇ, ನಾಚ್ಕೆ ಆಗಲ್ವಾ?" ಎಂದವಳು. ಮರುದಿನ ಬೆಳಿಗ್ಗೆ ಐದೂವರೆಗೆ ನಮ್ಮ ಮನೆ ಬಾಗಿಲು ಬಡಿದು ನನ್ನನ್ನು ಓಡಲು ಎಳೆದುಕೊಂಡು ಹೋದಳು.

ಅವಳಿಗೆ ಓಟ ಹವ್ಯಾಸವಲ್ಲ, ಹಟ. ಎಂಟು ಗಂಟೆ ಉಗಿಯಲ್ಲಿ ಬೆಂದು, ಮನೆಗೆ ಹೋಗಿ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಮತ್ತೆ ಬೂಟು ಕಟ್ಟುತ್ತಿದ್ದಳು. ನನಗೆ ಅವಳು ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. "ನೆಲ ಎಲ್ಲೂ ಓಡಿ ಹೋಗಲ್ಲ ಕಣೇ. ತಲೆ ಎತ್ತು. ಮುಂದಿರೋರ ಬೆನ್ನು ನೋಡು." ತಲೆ ತಗ್ಗಿಸಿದರೆ ಗಲ್ಲದ ಕೆಳಗೆ ಪಟ್ಟನೆ ಒಂದೇಟು ಬೀಳುತ್ತಿತ್ತು. ಲಾಂಡ್ರಿಯಲ್ಲಿ ನಿಂತಾಗಲೂ ಅಷ್ಟೇ, ಕೈಗೆ ಸಿಕ್ಕ ಒದ್ದೆ ಟವೆಲ್ಲಿನಿಂದ. ಒಂದೇ ವರ್ಷದಲ್ಲಿ ನನಗೆ ತಲೆ ತಗ್ಗಿಸಿ ಓಡುವುದೇ ಮರೆತುಹೋಯಿತು.

ಜನವರಿ ಒಂದರ ಹೊಸ ವರ್ಷಕ್ಕೆ ನಮ್ಮಲ್ಲಿ ಹತ್ತು ಕಿಲೋಮೀಟರ್ ಓಟ ಇಡುತ್ತಾರೆ. ಹೊಟ್ಟೆ ಕರಗಿಸಲು ಬಂದವರು, ಫೋಟೋ ತೆಗೆಸಿಕೊಳ್ಳಲು ಬಂದವರು, ಬಿಟ್ಟಿ ಬಾಳೆಹಣ್ಣಿಗೆ ಬಂದವರು, ಎಲ್ಲರೂ ಇರುತ್ತಾರೆ. ಅವರ ನಡುವೆ ಹಲ್ಲು ಕಚ್ಚಿ ಓಡುವವರು ಹತ್ತಿಪ್ಪತ್ತು ಜನ. ಹೆಂಗಸರಲ್ಲಿ ಮೊದಲು ಬಂದವಳಿಗೆ ರಾಜ್ಯಮಟ್ಟದ ದೊಡ್ಡ ಓಟಕ್ಕೆ ಹೋಗುವ ಜಿಲ್ಲಾ ತಂಡದಲ್ಲಿ ಜಾಗ. ಒಂದೇ ಜಾಗ, ಅದೂ ಮೂವತ್ತೈದರ ಒಳಗಿನವರಿಗೆ. ಅಕ್ಕ ನಾಲ್ಕು ಸಲ ಎರಡನೆಯವಳಾಗಿದ್ದಳು. ಮಾರ್ಚಿಗೆ ಅವಳಿಗೆ ಮೂವತ್ತೈದು ತುಂಬುತ್ತಿತ್ತು. ನನಗೆ ಇಪ್ಪತ್ನಾಲ್ಕು.

ಹೆಂಗಸರ ಓಟ ಬೇರೆಯಾಗಿಯೇ ಹೊರಡುತ್ತದೆ; ಮೊದಲಿರುವವಳಿಗೆ ದಾರಿ ತೋರಿಸಲು ಮುಂದೊಂದು ಬೈಕು ಹೋಗುತ್ತದೆ, ಪೈಲಟ್ ಅನ್ನುತ್ತೇವೆ. ಹಿಂದಿನ ವರ್ಷದ ಪೈಲಟ್ ಹೊಗೆಯನ್ನೆಲ್ಲ ಓಡುವವರ ಮುಖಕ್ಕೇ ಬಿಟ್ಟಿದ್ದ. ಈ ಸಲ ಅಕ್ಕ ಓಟ ನಡೆಸುವವರ ಬೆನ್ನು ಬಿದ್ದು ತನ್ನ ಗಂಡನನ್ನೇ ಆ ಕೆಲಸಕ್ಕೆ ಹಾಕಿಸಿದಳು. ಭಾವ ಹನ್ನೆರಡು ವರ್ಷದಿಂದ ಅಂಗಡಿಗಳಿಗೆ ಬ್ರೆಡ್ ಹಾಕುವವರು. ಬೈಕಿನ ಹಿಂದೆ ಮೂರು ಡಬ್ಬ ಕಟ್ಟಿಕೊಂಡು ಒಂದೇ ಸಮ ವೇಗದಲ್ಲಿ ಹೋಗುವ ಕೈ ಅವರದ್ದು. ಈ ಸಲ ಓಟದ ದಾರಿ ಬದಲಾಗಿದ್ದರಿಂದ ಹೊಸ ದಾರಿಯನ್ನು ಅಕ್ಕ ಅವರಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಅವರು ಅದನ್ನು ಜೇಬಲ್ಲಿಟ್ಟುಕೊಂಡು, "ಈ ಊರಿನ ದಾರಿ ನಂಗೆ ಹೇಳ್ಕೊಡ್ತೀಯಾ?" ಎಂದು ನಕ್ಕಿದ್ದರು.

ಎಂಟನೇ ಕಿಲೋಮೀಟರಿನವರೆಗೆ ಅಕ್ಕ ಮೊದಲು, ನೂರು ಹೆಜ್ಜೆ ಹಿಂದೆ ನಾನು, ನನ್ನ ಹಿಂದೆ ಹತ್ತಿರದಲ್ಲಿ ಯಾರೂ ಇಲ್ಲ. ಮೆಡಿಕಲ್ ಸ್ಟೋರಿನ ಮೂಲೆಯಲ್ಲಿ ನೇರ ಹೋಗಿ, ಬಸ್‌ಸ್ಟ್ಯಾಂಡ್ ಸುತ್ತಿ ಬರಬೇಕಿತ್ತು. ಬಸ್‌ಸ್ಟ್ಯಾಂಡ್ ಸುತ್ತದೆ ಓಟ ಮುಗಿಯುವ ಕಡೆಗೇ ಸೇರುವ ಎಡಗಡೆಯ ಓಣಿಯಲ್ಲಿ ಭಾವ ದಿನಾ ಬ್ರೆಡ್ ಹಾಕುವ ಮೂರು ಅಂಗಡಿಗಳಿವೆ. ಅವರ ಕೈ ತನ್ನಷ್ಟಕ್ಕೆ ಎಡಕ್ಕೆ ತಿರುಗಿತು. ಬಾವುಟ ಹಿಡಿದು ನಿಲ್ಲಬೇಕಿದ್ದವನು ರಸ್ತೆಯಾಚೆ ಟೀ ಕುಡಿಯುತ್ತಿದ್ದ. ಅಕ್ಕ ಅರೆಕ್ಷಣ ತಡವರಿಸಿದಳು, ನೇರ ರಸ್ತೆಯ ಕಡೆ ಒಮ್ಮೆ ಕತ್ತು ತಿರುಗಿಸಿದಳು, ಆಮೇಲೆ ಗಂಡನ ಹಿಂದೆ ಓಣಿಗೆ ನುಗ್ಗಿದಳು.

ನನಗೆ ಎಲ್ಲವೂ ಕಾಣಿಸಿತು. ಕೂಗಲು ಉಸಿರೂ ಇತ್ತು. "ಅಕ್ಕಾ" ಅನ್ನುವ ಎರಡಕ್ಷರ ಗಂಟಲವರೆಗೆ ಬಂತು. ನಾನು ಅದನ್ನು ನುಂಗಿಕೊಂಡೆ. ಅಷ್ಟರಲ್ಲಿ ಟೀ ಕುಡಿಯುತ್ತಿದ್ದವನು ಓಡಿ ಬಂದು ನನಗೆ ನೇರಕ್ಕೆ ಬಾವುಟ ಬೀಸಿದ. ನಾನು ನೇರ ಹೋದೆ. ಕಾಲು ಹಗುರಾಗಿತ್ತು, ಸುಳ್ಳೇಕೆ ಹೇಳಲಿ.

ನಾನು ಗುರಿ ಮುಟ್ಟುವ ಹೊತ್ತಿಗೆ ಅಕ್ಕನ ಕೊರಳಲ್ಲಿ ಪದಕವಿತ್ತು. ಜನ ಶಿಳ್ಳೆ ಹೊಡೆಯುತ್ತಿದ್ದರು. ಅವಳು ಮಾತ್ರ ದೊಡ್ಡ ಗಡಿಯಾರವನ್ನೇ ದಿಟ್ಟಿಸುತ್ತಿದ್ದಳು. ಮೂವತ್ತಾರು ನಿಮಿಷಕ್ಕೆ ಮುಟ್ಟಿದ್ದಳು. ಜೀವಮಾನದಲ್ಲಿ ಅವಳು ಮೂವತ್ತೆಂಟರ ಕೆಳಗೆ ಓಡಿದವಳಲ್ಲ. ನೇರ ಮೇಜಿನ ಹತ್ತಿರ ಹೋಗಿ ತೀರ್ಪುಗಾರರಿಗೆ ಹೇಳಿದಳು: "ಸಾರ್, ಇದು ನನ್ನ ಟೈಮಲ್ಲ. ನಾನು ಬಸ್‌ಸ್ಟ್ಯಾಂಡ್ ಸುತ್ತಿಲ್ಲ."

ಅವರು ಪಟ್ಟಿಯಲ್ಲಿ ಅವಳ ನಂಬರಿನ ಮೇಲೆ ಗೆರೆ ಎಳೆದರು. ಭಾವನ ಮುಖ ಕೆಂಪಾಯಿತು. "ಯಾರಾದ್ರೂ ಕೇಳಿದ್ರಾ ನಿನ್ನ? ಬಾಯಿ ಮುಚ್ಕೊಂಡಿದ್ರೆ ಏನ್ ಗಂಟು ಹೋಗ್ತಿತ್ತು?"

"ಚೀಟಿ ಎಲ್ರೀ?" ಅಂದಳು ಅಕ್ಕ.

ಚೀಟಿ ಜೇಬಲ್ಲೇ ಇತ್ತು, ಮಡಿಕೆ ಬಿಚ್ಚಿರಲಿಲ್ಲ. "ಹನ್ನೆರಡು ವರ್ಷದಿಂದ ಕೈ ಆ ಕಡೆಗೇ ಹೋಗತ್ತೆ, ನಾನೇನ್ ಮಾಡ್ಲಿ?" ಎಂದು ಬೈಕು ಒದ್ದು ಹೊರಟೇ ಹೋದರು. ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕೆಂಬುದೂ ಆ ಮನುಷ್ಯನಿಗೆ ಹೊಳೆಯಲಿಲ್ಲ. ಅವರ ಮೇಲೆ ನನಗೆ ಉರಿದುಹೋಯಿತು. ಬೇರೆಯವರ ಮೇಲೆ ಉರಿದುಬೀಳುವುದು ಎಷ್ಟು ಸುಲಭವೆಂದು ಆ ದಿನ ಗೊತ್ತಾಯಿತು. ಅಷ್ಟರಲ್ಲಿ ತೀರ್ಪುಗಾರರು ಅದೇ ಪದಕವನ್ನು ಅವಳ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. ಪದಕದ ಪಟ್ಟಿ ಅವಳ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು. ಅಕ್ಕನೇ ಮೊದಲು ಚಪ್ಪಾಳೆ ತಟ್ಟಿದಳು.

ತಂಡದಲ್ಲಿ ನನಗೆ ಜಾಗ ಸಿಕ್ಕಿತು. ಸುಮ್ಮನೆ ಕಾದಿದ್ದರೂ ನನ್ನ ಮುಂದೆ ಹತ್ತು ವರ್ಷ ಇತ್ತು. ಇದನ್ನು ನಾನು ದಿನಾ ಲೆಕ್ಕ ಹಾಕುತ್ತೇನೆ.

ಮೂರನೆಯ ದಿನ ಲಾಂಡ್ರಿಯಲ್ಲಿ ಬೆಡ್‌ಶೀಟ್ ಕೊಡವಿ ಒಬ್ಬರ ಕಡೆಗೊಬ್ಬರು ನಡೆದು ಬಂದೆವು. ಮೂಲೆಗೆ ಮೂಲೆ ಸೇರಿಸುವಾಗ ಅಕ್ಕ ಮೆಲ್ಲಗೆ ಕೇಳಿದಳು: "ನಾನು ಎಡಕ್ಕೆ ತಿರುಗಿದ್ದು ನಿಂಗೆ ಕಾಣಿಸ್ಲಿಲ್ವೇನೇ?"

"ಇಲ್ಲಕ್ಕ. ಸುಸ್ತಾಗಿತ್ತು. ತಲೆ ತಗ್ಗಿಸ್ಕೊಂಡು ಓಡ್ತಿದ್ದೆ."

ಅಕ್ಕ ನನ್ನ ಗಲ್ಲವನ್ನು ನೋಡಿದಳು. ಒದ್ದೆ ಟವೆಲ್ ಕೈಯಳತೆಯಲ್ಲೇ ಇತ್ತು.

"ಹೌದಾ," ಅಂದಳು. ತನ್ನ ಕೈಲಿದ್ದ ಎರಡು ಮೂಲೆಗಳನ್ನು ನನ್ನ ಕೈಗಿಟ್ಟು, ಮೇಜಿನ ಆಚೆ ಬದಿಗೆ ಹೋಗಿ ಮುಂದಿನ ಬೆಡ್‌ಶೀಟನ್ನು ಒಬ್ಬಳೇ ಮಡಚತೊಡಗಿದಳು.