ಭುಜ ಮಡಚುವ ಕಮಲ

ಕಂಕನಾಡಿಯಲ್ಲಿ ಮೀನು ಮನೆಬಾಗಿಲಿಗೇ ಬರುತ್ತಿದ್ದ ಕಾಲ ಅದು. ಬೋಳಾರದಿಂದ ಚಂದಕ್ಕ ಬುಟ್ಟಿ ಹೊತ್ತು ಬಂದರೆ, ಬೂತಾಯಿ ಮೀನಿನ ವಾಸನೆಯ ಹಿಂದೆಯೇ ಅವಳ ಮೊಮ್ಮಗಳು ಕಮಲ. ನನ್ನದೇ ಪ್ರಾಯ, ಒಂಬತ್ತು.

ಕಣ್ಣಾಮುಚ್ಚಾಲೆಯಲ್ಲಿ ಅವಳನ್ನು ಹಿಡಿದವರಿಲ್ಲ. ಎರಡೂ ಭುಜಗಳನ್ನು ಎದೆಯ ಮುಂದೆ ತಂದು ಒಂದಕ್ಕೊಂದು ತಾಗಿಸಿ, ಜಗಲಿಯ ಮರದ ಸರಳುಗಳ ನಡುವೆ ನುಸುಳಿಬಿಡುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್ “ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್!” ಎಂದು ಗದರಿದರೆ, ಮನೆಯಲ್ಲಿ ನಾನು ಕನ್ನಡಿಯೆದುರು ಆ ಟ್ರಿಕ್ ಪ್ರಾಕ್ಟೀಸ್ ಮಾಡುತ್ತಿದ್ದೆ.

ಒಂದು ಸಂಜೆ ಅಪ್ಪನ ಸ್ನೇಹಿತರಾದ ಡಾಕ್ಟರು ಕಾಫಿ ಕುಡಿಯುತ್ತ ಅದನ್ನು ನೋಡಿದರು.

“ಇನ್ನೊಮ್ಮೆ ಮಾಡು ನೋಡುವ.”

ಕಮಲ ಜಂಬದಿಂದ ಮಡಚಿ ತೋರಿಸಿದಳು. “ನನ್ನ ಅಮ್ಮನೂ ಮಾಡ್ತಿದ್ರಂತೆ!”

ಡಾಕ್ಟರು ನಗಲಿಲ್ಲ. ಅವಳ ಕುತ್ತಿಗೆಯ ಬುಡವನ್ನು ಮುಟ್ಟಿದರು, ಆಮೇಲೆ ನೆತ್ತಿಯನ್ನು.

“ಅಲ್ಲಿ ಒತ್ತಬೇಡಿ, ಮೆದು ಉಂಟು. ಅಜ್ಜಿ ಬೈತಾರೆ,” ಎಂದಳು ಕಮಲ.

ಡಾಕ್ಟರು ಚಂದಕ್ಕನನ್ನು ಕರೆದರು. “ಇವಳ ತಾಯಿ ಹೋದದ್ದು ಹೇಗೆ?”

“ಇವಳನ್ನು ಹೆತ್ತು, ಡಾಕ್ಟ್ರೇ.”

“ಇವಳಿಗೆ ಹುಟ್ಟಿನಿಂದಲೇ ಕುತ್ತಿಗೆಯ ಬುಡದ ಎಲುಬೇ ಇಲ್ಲ, ನೆತ್ತಿಯದ್ದು ಕೂಡಿಲ್ಲ. ತಾಯಿಯಿಂದ ಬಂದದ್ದು. ಸೊಂಟವೂ ಇಕ್ಕಟ್ಟಿರಬಹುದು. ಮುಂದೆ ಹೆರಿಗೆ ಮನೆಯಲ್ಲಿ ಮಾಡಿಸಬೇಡಿ. ಮೊದಲೇ ಆಸ್ಪತ್ರೆಗೆ ತನ್ನಿ.”

“ಮೆಲ್ಲ ಹೇಳಿ! ಕೇರಿಗೆ ಗೊತ್ತಾದ್ರೆ ಇವಳನ್ನು ಯಾರು ಕಟ್ಟಿಕೊಳ್ತಾರೆ?”

“ನನಗೆ ಮದುವೆಯೇ ಬೇಡ ಮಾರಾಯ್ತಿ,” ಎಂದು ಕಮಲ ನನ್ನ ಕಿವಿಯಲ್ಲಿ ನಕ್ಕಳು. “ನಾನು ಮೀನು ಮಾರ್ತೇನೆ.”

ಅಂದಿನಿಂದ ಚಂದಕ್ಕ ಅವಳ ಹೆಗಲಿಗೆ ದಪ್ಪ ಬಟ್ಟೆ ಹೊದಿಸಿಯೇ ಕರೆತರುತ್ತಿದ್ದಳು. ಸರಳುಗಳ ಹತ್ತಿರ ಹೋದರೆ, “ಕೈ ಮುರೀತೇನೆ!” ಎನ್ನುತ್ತಿದ್ದಳು.

ಹದಿನೈದಕ್ಕೆ ಅವಳನ್ನು ಹೊಳೆಯಾಚೆ ಬೆಂಗ್ರೆಯ ಮನೆಗೆ ಕೊಟ್ಟರು. ಗಂಡಿನ ಕಡೆಯವರಿಗೆ ಚಂದಕ್ಕ ಒಂದು ಮಾತೂ ಹೇಳಲಿಲ್ಲ. “ಎಂತ ನಾಜೂಕು ಹುಡುಗಿ!” ಎಂದು ಅತ್ತೆ ಹೊಗಳಿದಳು. ತುಂಬಿದ ಬಸುರಿಯಾಗಿ ನಮ್ಮ ಮನೆಗೆ ಬಂದಾಗ ಕಮಲ ನನ್ನ ಅಮ್ಮನಿಗೆ ಹೇಳಿದ್ದಳು: “ಆಸ್ಪತ್ರೆ ಅಂದೆ. ಅತ್ತೆ ನಗಾಡಿದ್ರು. ನಮ್ಮಲ್ಲಿ ಸೂಲಗಿತ್ತಿ ಇಲ್ವಾ ಅಂತ.”

ಸೂಲಗಿತ್ತಿ ಕೈಚೆಲ್ಲಿದ ಮೇಲೆ ದೋಣಿಯಲ್ಲಿ ಹೊಳೆ ದಾಟಿಸಿ ಆಸ್ಪತ್ರೆಗೆ ತಂದಾಗ ತಡವಾಗಿತ್ತು. ಅದೇ ಡಾಕ್ಟರು ಮಗುವನ್ನು ಉಳಿಸಿದರು, ತಾಯಿಯನ್ನು ಉಳಿಸಲಾಗಲಿಲ್ಲ. ನಾನು ಅಮ್ಮನ ಸೆರಗು ಹಿಡಿದು ವರಾಂಡದಲ್ಲಿ ನಿಂತಿದ್ದೆ. ನರ್ಸ್ ಮಗುವನ್ನು ಕೈಗಿಟ್ಟಾಗ ಚಂದಕ್ಕ ಅದರ ಮುಖವನ್ನೇ ನೋಡಲಿಲ್ಲ. ಬಟ್ಟೆಯೊಳಗೆ ಬೆರಳು ತೂರಿಸಿ, ಕುತ್ತಿಗೆಯ ಬುಡದಲ್ಲಿ ಎಲುಬು ಹುಡುಕಿದಳು. ಹುಡುಕುತ್ತಲೇ ಇದ್ದಳು.

ಮೊನ್ನೆ ನನ್ನ ಮೊಮ್ಮಗಳ ಸ್ಕ್ಯಾನಿಂಗಿನಲ್ಲಿ, ಇನ್ನೂ ಹುಟ್ಟದ ಶಿಶುವಿನ ಒಂದೊಂದು ಎಲುಬನ್ನೂ ತೋರಿಸಿ “ಆಲ್ ನಾರ್ಮಲ್” ಎಂದರು. ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಬೆಂಚಿನಲ್ಲಿ ಕೂತೆ. ಕಮಲ ಇದ್ದಿದ್ದರೆ ನನ್ನ ಹಾಗೆಯೇ ಮುದುಕಿ. ಎಷ್ಟು ಪ್ರಯತ್ನಿಸಿದರೂ ಅವಳ ತಲೆಯಲ್ಲಿ ಒಂದು ಬಿಳಿ ಕೂದಲನ್ನೂ ನನಗೆ ಕಾಣಲಾಗುವುದಿಲ್ಲ.